ಟೀವಿಗೊಂದು ಗಳಿಗೆ ಬಟ್ಟಲು

ನಮ್ಮ ಮನೆಯ ಟೀವಿಯನ್ನು ಬಾವಿಗೆ ಎಸೆಯಲೆಂದು ನಾನು ಎರಡು ಸಲ ಎತ್ತಿದ್ದೇನೆ. ಮೊದಲನೇ ಸಲ ಮಕ್ಕಳ ಮೇಲಿನ ಸಿಟ್ಟಿಗೆ, ಎರಡನೇ ಸಲ ನನ್ನ ಮೇಲೆ ನನಗೇ ಬಂದ ನಾಚಿಕೆಗೆ. ಎರಡು ಸಲವೂ ಅದು ಬಾವಿಗೆ ಬೀಳಲಿಲ್ಲ. ಬೀಳದ ಹಾಗೆ ನೋಡಿಕೊಂಡವರನ್ನು ನೆನೆದು ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಕೋಪ ನನಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿದೆ. ಅದನ್ನು ಮುಚ್ಚಿಟ್ಟುಕೊಂಡು ಇದನ್ನೆಲ್ಲ ಹೇಳಲು ಹೊರಟರೆ ನನ್ನ ಮಕ್ಕಳೇ ನಕ್ಕುಬಿಡುತ್ತಾರೆ.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ನಮ್ಮದು ಪಾಂಡವಪುರದ ಹತ್ತಿರ, ನಾಲೆ ಬಯಲಿನ ಒಂದು ಹಳ್ಳಿ. ನಾನು ದಿನಾ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ ಅಲ್ಲಿನ ಒಂದು ಶಾಲೆಯಲ್ಲಿ ಪಾಠ ಹೇಳಿ ಬರುತ್ತಿದ್ದೆ. ನನ್ನ ಗಂಡನಿಗೆ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿ ಕಡೆ ಕೆಲಸ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವರು. ಮನೆಯಲ್ಲಿ ನಾನು, ಐದನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಮತ್ತೆ ನನ್ನ ಮಾವ. ಮಾವ ನಮ್ಮೂರ ನೀರುಗಂಟಿ. ಅಂದರೆ ನಾಲೆಯಿಂದ ಬರುವ ನೀರನ್ನು ಯಾರ ಗದ್ದೆಗೆ, ಯಾವಾಗ, ಎಷ್ಟು ಹೊತ್ತು ಬಿಡಬೇಕು ಎಂದು ನೋಡಿಕೊಳ್ಳುವವರು. ಅವರಪ್ಪನೂ ಅದೇ ಕೆಲಸದವರು, ಅವರ ತಾತನೂ ಅದೇ. ಕೆ.ಆರ್.ಎಸ್.ನಲ್ಲಿ ಎಷ್ಟು ಅಡಿ ನೀರಿದೆ ಎಂದು ಊರವರೆಲ್ಲ ಪೇಪರು ನೋಡಿ ತಿಳಿದುಕೊಂಡರೆ, ನಮ್ಮ ಮಾವ ಕಾಲುವೆಗೆ ಕಾಲಿಟ್ಟು ಹೇಳುತ್ತಿದ್ದರು.

ನನಗೆ ಇದೆಲ್ಲ ಹೊಸದು. ನನ್ನ ತವರು ನಾಗಮಂಗಲದ ಕಡೆ, ಬೆದ್ದಲು ಸೀಮೆ. ಮಳೆ ಬಂದರೆ ರಾಗಿ, ಬರದಿದ್ದರೆ ಹುರುಳಿ. ನೀರಿಗೂ ಸರದಿ ಎಂಬುದೊಂದು ಇರುತ್ತದೆ, ಅದಕ್ಕೊಂದು ರೀತಿ ನೀತಿ ಇರುತ್ತದೆ ಎಂಬುದು ಮದುವೆಯಾಗಿ ಬಂದ ಮೇಲೇ ನನಗೆ ಗೊತ್ತಾದದ್ದು. ನಮ್ಮ ಊರಿನಲ್ಲಿ ಒಂದು ಕಟ್ಟುನಿಟ್ಟಿತ್ತು. ನೀರುಗಂಟಿ ಮನೆಯಿಂದ ಕೂಗು ಬರುವವರೆಗೆ ಯಾರೂ ತಮ್ಮ ಗದ್ದೆಯ ಮಡೆ ಮುಟ್ಟುವ ಹಾಗಿಲ್ಲ. ಮಡೆ ಎಂದರೆ ಕಾಲುವೆಯಿಂದ ಗದ್ದೆಗೆ ನೀರು ತಿರುಗುವ ಬಾಯಿ. ಆ ಕೂಗು ಕೇಳಿದ ಮೇಲೆ ಸರದಿ ಮುಗಿದವನು ತಾನೇ ಅದನ್ನು ಮಣ್ಣು ಹಾಕಿ ಮುಚ್ಚಬೇಕು. ಮುಚ್ಚಿ, ‘ನಂದಾಯ್ತು, ನಿಂದು ತಿರುಗಿಸ್ಕೋ’ ಎಂದು ಕೂಗಬೇಕು. ಎಂಥ ಜಗಳಗಂಟರೂ ಇದೊಂದನ್ನು ಮೀರುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಮನೆಗೆ ಟೀವಿ ಬಂತು. ನನ್ನ ಗಂಡ ಅದನ್ನು ಮೈಸೂರಿನಲ್ಲಿ ಕೊಂಡು, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ಕಪ್ಪು ಬಿಳುಪಿನದು, ತಿರುಗಿಸುವ ಗುಬುಟಿನದು. ಆಂಟೆನಾ ತಿರುಗಿಸಲು ಮಗ ಹಂಚಿನ ಮೇಲೆ, ‘ಬಂತಾ? ಬಂತಾ?’ ಎಂದು ಅವನು ಕೂಗುವುದು, ‘ಬಂತು, ಹೋಯ್ತು’ ಎಂದು ಮಗಳು ಕೆಳಗಿಂದ ಕೂಗುವುದು. ಮೊದಲ ತಿಂಗಳು ನನಗೂ ಹಬ್ಬವೇ. ಎರಡನೇ ತಿಂಗಳಿಗೆ ನನ್ನ ಕಣ್ಣು ತೆರೆಯಿತು.

ಅಯ್ಯೋ ಶಿವನೇ, ಮಕ್ಕಳು ಅದರ ಮುಂದೆ ಕೂತರೆ ಕೂತಲ್ಲೇ. ಬಾಯಿಗೆ ಹೋಗಬೇಕಾದ ಮುದ್ದೆ ತುತ್ತು ಅರ್ಧ ದಾರಿಯಲ್ಲೇ ನಿಂತಿರುತ್ತಿತ್ತು. ಮಗ ಉಚ್ಚೆ ತಡೆದುಕೊಂಡು ತಡೆದುಕೊಂಡು ಒಂದು ದಿನ ಚಾಪೆಯ ಮೇಲೆಯೇ ಮಾಡಿಬಿಟ್ಟ. ಮಗಳಿಗೆ ಮಗ್ಗಿ ಮರೆತುಹೋಗಿ ಸೋಪಿನ ಜಾಹೀರಾತುಗಳೆಲ್ಲ ಬಾಯಿಪಾಠವಾಗಿದ್ದವು. ಏನೂ ಇಲ್ಲದ ಹೊತ್ತಿನಲ್ಲೂ, ಪರದೆಯ ಮೇಲೆ ಬರೀ ಇರುವೆ ಓಡಾಡಿದ ಹಾಗೆ ಚುಕ್ಕಿಗಳು ಕಾಣುತ್ತಿದ್ದರೂ, ಇಬ್ಬರೂ ಅದನ್ನೇ ನೋಡುತ್ತಾ ಕೂತಿರುತ್ತಿದ್ದರು. ಇನ್ನೊಬ್ಬರ ಮಕ್ಕಳಿಗೆ ಬುದ್ಧಿ ಹೇಳಿ ಸಂಬಳ ತೆಗೆದುಕೊಳ್ಳುವ ನನಗೆ ಮೈಯೆಲ್ಲ ಉರಿದುಹೋಯಿತು.

ಬೈದೆ. ಹೊಡೆದೆ. ಆಮೇಲೆ ಮನೆಯ ಫ್ಯೂಸನ್ನೇ ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡು ಶಾಲೆಗೆ ಹೋಗತೊಡಗಿದೆ. ಊಟದ ಡಬ್ಬಿ, ಸೀಮೆಸುಣ್ಣ, ಫ್ಯೂಸು. ಒಂದು ಸಂಜೆ ಬಸ್ಸು ತಪ್ಪಿ ನಾನು ಊರು ಸೇರುವುದು ತಡವಾಯಿತು. ಬಂದು ನೋಡಿದರೆ ಮಾವ ಕತ್ತಲ ನಡುಮನೆಯಲ್ಲಿ ಬುಡ್ಡಿದೀಪ ಹಚ್ಚಿಕೊಂಡು ಕೂತಿದ್ದಾರೆ. ಒಂದು ಮಾತು ಬೈಯಲಿಲ್ಲ. ‘ಪಟ್ಣದಲ್ಲಿ ನಮ್ಮನೆ ಕರೆಂಟು ಚೆನ್ನಾಗೈತೇನವ್ವ?’ ಎಂದು ಕೇಳಿದರು, ಅಷ್ಟೇ. ನನಗೆ ನಗುವೂ ಬಂತು, ಅಳುವೂ ಬಂತು.

ಮಕ್ಕಳು ಅಷ್ಟೊತ್ತಿಗೆ ಹೊಸ ದಾರಿ ಹಿಡಿದಿದ್ದರು. ನಮ್ಮ ಮನೆಯಲ್ಲಿ ಇಲ್ಲದಿದ್ದರೇನು, ಬೀದಿಯ ಆ ತುದಿಯ ಮನೆಯಲ್ಲಿ ಟೀವಿ ಇತ್ತಲ್ಲ. ಅವರ ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದರು. ಎಲ್ಲಿ ಹೋಗಿದ್ದೆ ಎಂದು ಕೇಳಿದರೆ ಮಗಳು ಕಣ್ಣು ಮಿಟುಕಿಸದೆ ‘ಹೋಂವರ್ಕಿಗೆ’ ಎಂದಳು. ಅವಳ ಕೆನ್ನೆಯ ಮೇಲೆ ಆ ಕಿಟಕಿಯ ಸರಳಿನ ತುಕ್ಕು ಉದ್ದಕ್ಕೆ ಗೆರೆ ಎಳೆದಿತ್ತು. ಸುಳ್ಳು ಹೇಳುವುದನ್ನು ನನ್ನ ಮಗಳು ಕಲಿತಳಲ್ಲ ಎಂದು ನನಗೆ ತಲೆ ಕೆಟ್ಟುಹೋಯಿತು. ಅವತ್ತೇ ಟೀವಿ ಎತ್ತಿಕೊಂಡು ಹಿತ್ತಿಲ ಹಳೇ ಬಾವಿಯ ಕಡೆ ನಡೆದದ್ದು. ಮಾವ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತರು.

‘ಕೆಳೀಕೆ ಮಡಗವ್ವ’ ಎಂದರು. ‘ನೀನು ಫ್ಯೂಸು ಕಿತ್ತೆ, ಅವು ಕಿಟಕಿ ಹುಡಿಕ್ಕಂಡವು. ಬಾವಿಗಾಕುದ್ರೆ ಇನ್ನೊಂದು ಹುಡಿಕ್ಕತ್ತವೆ. ನೀರ್ಗೆ ಒಡ್ಡು ಕಟ್ಬುಟ್ರೆ ಸಾಕಾ? ಏರಿ ಕಿತ್ಕಂಡು ಓಯ್ತದೆ. ತೂಬು ಮಡಗ್ಬೇಕು ಕಣವ್ವ.’

‘ಟೀವಿಗೆ ಎಲ್ಲಿಂದ ತೂಬು ತರೋದು ಮಾವ?’ ಎಂದು ನಾನು ರೇಗಿದೆ.

ಅವರು ಅಟ್ಟ ಹತ್ತಿದರು. ಹಳೇ ಗೋಣಿ, ಮುರಿದ ಕುಂಟೆ, ಇಲಿ ಕಡಿದ ಮೊರ ಎಲ್ಲ ಸರಿಸಿ, ಒಂದು ತಾಮ್ರದ ಬಟ್ಟಲು ತಂದರು. ಅರ್ಧ ತೆಂಗಿನಕಾಯಿ ಗಾತ್ರದ್ದು, ಕಿಲುಬು ಹಿಡಿದು ಹಸುರಾಗಿತ್ತು. ತಳದ ನಡುವೆ ಒಂದು ಸಣ್ಣ ತೂತು. ಗಳಿಗೆ ಬಟ್ಟಲು. ನಾಲೆ ಬರುವುದಕ್ಕೆ ಮುಂಚೆ, ಕೆರೆ ನೀರಿನ ಕಾಲದಲ್ಲಿ, ಅವರ ತಾತ ಇದನ್ನು ತಪ್ಪಲೆ ನೀರಿನ ಮೇಲೆ ತೇಲಿಬಿಟ್ಟು ಊರಿಗೆ ನೀರು ಹಂಚುತ್ತಿದ್ದರಂತೆ. ತೂತಿನಿಂದ ನೀರು ಒಳಗೆ ಏರಿ ಏರಿ ಬಟ್ಟಲು ತುಂಬಿ ಮುಳುಗಿದರೆ ಒಬ್ಬನ ಸರದಿ ಮುಗಿಯಿತು. ಹುಣಸೆಹಣ್ಣು ಹಾಕಿ ತಿಕ್ಕಿ, ತೇಲಿಬಿಟ್ಟು, ನಾನು ಕೈಗಡಿಯಾರ ಹಿಡಿದು ನೋಡಿದೆ. ಮುಕ್ಕಾಲು ಗಂಟೆಗೆ ಸ್ವಲ್ಪ ಕಮ್ಮಿ, ಹತ್ತಿರ ಹತ್ತಿರ ಎರಡು ಗಳಿಗೆ. ಮುಳುಗುವಾಗ ‘ಬುಳುಕ್’ ಎಂದು ಸದ್ದಾಯಿತು. ಮಕ್ಕಳಿಬ್ಬರೂ ಟೀವಿ ಮರೆತು ಅದನ್ನೇ ನೋಡುತ್ತಾ ಕೂತಿದ್ದರು.

ಅವತ್ತಿನಿಂದ ಮನೆಗೊಂದು ಹೊಸ ಸರದಿ ಬಂತು. ದಿನಕ್ಕೆ ಇಬ್ಬರು ಮಕ್ಕಳಿಗೂ ಸೇರಿ ಒಂದು ಬಟ್ಟಲು. ಬೇಕಾದ ಹೊತ್ತಿಗೆ ಅವರೇ ತೇಲಿಬಿಡಬೇಕು, ಏನು ನೋಡಬೇಕೆಂದು ಅವರೇ ಗೊತ್ತುಮಾಡಿಕೊಳ್ಳಬೇಕು. ಮುಳುಗಿದ ಕೂಡಲೇ ಅವರೇ ಎದ್ದು ಮುಚ್ಚಬೇಕು. ನಾವ್ಯಾರೂ ಹೋಗಿ ಮುಚ್ಚುವಂತಿಲ್ಲ, ‘ಸಾಕು ಏಳು’ ಎನ್ನುವಂತಿಲ್ಲ. ಈ ಕೊನೆಯ ಮಾತು ನನಗೇ ಎಂದು ಬೇರೆ ಹೇಳಬೇಕೇ?

‘ಬುಡೋದು ಯಾರ್ಗಾದ್ರೂ ಬತ್ತದೆ’ ಎನ್ನುತ್ತಿದ್ದರು ಮಾವ. ‘ತನ್ ಕೈಯಾರೆ ಮುಚ್ಚೋದು ಬರ್ಬೇಕು. ನೀನು ಮುಚ್ಚುದ್ರೆ ಅದು ನೀನ್ ಮುಚ್ಚಿದ್ದು, ಮಗೀದಲ್ಲ.’

ಹೀಗೆಂದು ನನ್ನ ಕಡೆ ತಿರುಗಿ, ‘ನಿಂಗೂ ಒಂದ್ ಬಟ್ಲು’ ಎಂದರು.

‘ನಾನೇನು ಮಗುವೇ?’ ಎಂದು ನಾನು ಮುಖ ಊದಿಸಿದೆ. ನಿಜ ಹೇಳಬೇಕೆಂದರೆ ರಾತ್ರಿ ಅಡಿಗೆಯ ಹೊತ್ತಿಗೆ ಬರುವ ಧಾರಾವಾಹಿಗಳಿಗೆ ನಾನೂ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಸಾರು ಎಷ್ಟೋ ಸಲ ತಳ ಹಿಡಿದಿತ್ತು. ಅದು ಮಾವನಿಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಆ ಸಾರನ್ನು ಉಣ್ಣುತ್ತಿದ್ದವರೇ ಅವರು, ಗೊತ್ತಿಲ್ಲದೆ ಏನು?

ಮೊದಲ ವಾರ ರಂಪವೋ ರಂಪ. ಬಟ್ಟಲು ಮುಳುಗಿದಾಗಲೆಲ್ಲ ಮಗಳು ಅತ್ತುಕೊಂಡೇ ಗುಬುಟು ತಿರುಗಿಸುತ್ತಿದ್ದಳು. ‘ಇವತ್ತಿಂದು ನಾಳೆಗಿರ್ಲಿ ತಾತ, ನಾಳೆ ಎರಡು ಬಟ್ಲು ನೋಡ್ತೀವಿ’ ಎಂದು ಚೌಕಾಸಿಗೆ ಇಳಿದಳು. ‘ನೀರ ನಾಳೀಕೆ ಕಟ್ಟಿ ಮಡಗಕ್ಕಾಯ್ತದಾ ಕೂಸೇ?’ ಎಂದು ಮಾವ ನಕ್ಕರು. ಎರಡನೇ ವಾರ ನನ್ನ ಮಗರಾಯ ಒಂದು ಉಪಾಯ ಮಾಡಿದ. ಅವತ್ತು ಬಟ್ಟಲು ಒಂದು ಗಂಟೆಯಾದರೂ ಮುಳುಗಲಿಲ್ಲ. ನಾನು ಎತ್ತಿ ನೋಡಿದರೆ ತೂತಿಗೆ ಒಂದು ಅನ್ನದ ಅಗುಳನ್ನು ನಯವಾಗಿ ಅಂಟಿಸಿದ್ದಾನೆ! ಏಳು ವರ್ಷದ ಹುಡುಗ! ನಾನು ಅವನ ಬೆನ್ನಿಗೆ ಎರಡು ಬಿಟ್ಟೆ. ‘ತಾತನಿಗೇ ಮೋಸ ಮಾಡ್ತೀಯಾ? ಕಳ್ಳ! ನಾಚಿಕೆಯಾಗಲ್ವಾ?’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಮಾವ ಮಾತ್ರ ಅಗುಳನ್ನು ಕಡ್ಡಿಯಿಂದ ತೆಗೆದು, ಬಟ್ಟಲು ಒರೆಸಿ, ‘ತಲೆ ಓಡಿಸವ್ನೆ ನೋಡು. ಆದ್ರೆ ಲಾ, ಇದು ಇನ್ನೊಬ್ರ ನೀರು ಕದ್ದಂಗೆ ಕಣ್ಲಾ’ ಎಂದು ಮೆಲ್ಲಗೆ ಹೇಳಿದರು. ಮಗ ಮತ್ತೆ ಹಾಗೆ ಮಾಡಲಿಲ್ಲ. ನನ್ನ ಏಟಿಗಲ್ಲ, ತಾತನ ಆ ಮಾತಿಗೆ.

ಎರಡು ಮೂರು ತಿಂಗಳು ಕಳೆಯುವ ಹೊತ್ತಿಗೆ ಮನೆ ಬೇರೆಯೇ ಆಗಿತ್ತು. ಮಕ್ಕಳು ಬೆಳಿಗ್ಗೆಯೇ ಜಗಲಿಯ ಮೇಲೆ ಕೂತು ಇವತ್ತಿನ ಬಟ್ಟಲು ಯಾವುದಕ್ಕೆ ಎಂದು ಚರ್ಚೆ ಮಾಡುತ್ತಿದ್ದರು. ಕೆಲವು ದಿನ ಗೋಲಿ ಆಟದಲ್ಲಿ ಬಟ್ಟಲು ಬಿಡುವುದೇ ಮರೆತುಹೋಗುತ್ತಿತ್ತು. ನೋಡಿದ್ದನ್ನು ತಾತನಿಗೆ ನಟನೆ ಮಾಡಿ ತೋರಿಸುತ್ತಿದ್ದರು. ‘ನಂದಾಯ್ತವ್ವ, ನಿಂದು’ ಎಂದು ಮಗಳು ಅಡಿಗೆಮನೆಗೆ ಕೂಗು ಹಾಕುವಾಗ ನನಗೆ ಒಳಗೊಳಗೇ ಹೆಮ್ಮೆ. ಶಾಲೆಯಲ್ಲಿ ಬೇರೆ ಟೀಚರುಗಳ ಮುಂದೆ ನಮ್ಮ ಮಕ್ಕಳ ಶಿಸ್ತನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಶಿಸ್ತು ಕಲಿಸಿದವಳು ನಾನೇ ಎಂಬ ಹಾಗೆ!

ಆಮೇಲೆ ಬಂತು ಆ ಭಾನುವಾರ.

ಭತ್ತದ ಒಟ್ಲು ಬಿಡುವ ಕಾಲ. ಒಟ್ಲು ಎಂದರೆ ನಾಟಿಗೆ ಮುಂಚೆ ಒಂದು ಮೂಲೆಯಲ್ಲಿ ಒತ್ತಾಗಿ ಬೆಳೆಸಿಕೊಳ್ಳುವ ಸಸಿ. ಆ ವರ್ಷ ಮಳೆ ಮುಖ ತೋರಿಸಿರಲಿಲ್ಲ, ನಾಲೆಯನ್ನು ಹತ್ತು ದಿನ ಬಿಟ್ಟು ಹತ್ತು ದಿನ ನಿಲ್ಲಿಸುತ್ತಿದ್ದರು. ಅವತ್ತು ಸಂಜೆ ನಿಲ್ಲಿಸುವ ದಿನ. ಮಾವನ ಕಾಲಿಗೆ ಮುಳ್ಳು ಚುಚ್ಚಿ ನಂಜಾಗಿ, ಪಾದ ಊದಿಕೊಂಡು, ಮಾತ್ರೆ ನುಂಗಿ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಕಾಲುವೆಯ ತೀರಾ ತುದಿಯಲ್ಲಿ ಒಬ್ಬ ಹೆಂಗಸಿನ ಗದ್ದೆ ಇತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿಯುವವಳು, ಐವತ್ತರ ಆಸುಪಾಸು, ಗಟ್ಟಿ ಆಳು, ಬಾಯಿಯೂ ಅಷ್ಟೇ ಗಟ್ಟಿ. ನಾವೆಲ್ಲ ಕೊನೆಗದ್ದೆಯಮ್ಮ ಎನ್ನುತ್ತಿದ್ದೆವು. ಎಲ್ಲರಿಗೂ ಕುಡಿಸಿ ಉಳಿದ ನೀರು ಅವಳಿಗೆ. ಅವಳ ವರ್ಷದ ಅನ್ನವೆಲ್ಲ ಆ ಹತ್ತು ಕುಂಟೆಯಲ್ಲಿ. ಅವಳು ಒಟ್ಲು ಬಿಟ್ಟು ಎಂಟು ದಿನವಾಗಿತ್ತು, ಸಸಿ ಆಗಷ್ಟೇ ಹಸುರು ಕಟ್ಟುತ್ತಿತ್ತು.

ಮಾವ ನನ್ನನ್ನು ಕರೆದು ಹೇಳಿದರು: ‘ಮ್ಯಾಲಿನ ಗದ್ದೇಗೆ ಈಗ ನೀರು ತಿರುಗೈತೆ. ಎಲ್ಡ್ ಬಟ್ಲು ಕಾಲ ಅದು ಅವ್ರುದು. ಎಲ್ಡ್ನೇದು ಮುಳುಗ್ತಿದ್ದಂಗೇ ಏರಿ ಮೇಲೋಗಿ ಕೊನೆಗದ್ದೆಯವ್ಳಿಗೆ ಕೂಗಾಕ್ಬುಡು. ಬೈಗಾಯ್ತಿದ್ದಂಗೆ ನಾಲೆ ನಿಂತೋಯ್ತದೆ. ಇವತ್ತು ತಪ್ಪುದ್ರೆ ಅವ್ಳ ಒಟ್ಲು ಒಣಗೋಯ್ತದೆ ಕಣವ್ವ. ಮರೀಬ್ಯಾಡ.’

‘ನಾನಿದ್ದೀನಲ್ಲ ಮಾವ, ನೀವು ಮಲಗಿ’ ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ!

ಸಂಜೆ ನಾಲ್ಕಕ್ಕೆ ಟೀವಿಯಲ್ಲಿ ಸಿನಿಮಾ ಶುರು. ಗದ್ದೆಯ ಲೆಕ್ಕಕ್ಕೂ ಟೀವಿಗೂ ಅದೇ ಬಟ್ಟಲು, ಮೊದಲನೆಯದು ಮಕ್ಕಳದು. ಮುಳುಗಿತು, ಮಗಳು ಎದ್ದು ಮುಚ್ಚಿದಳು. ‘ನಂದಾಯ್ತವ್ವ, ನಿಂದು. ಅಳೋ ಸಿನಿಮಾ, ನಮ್ಗೆ ಬ್ಯಾಡ’ ಎಂದು ತಮ್ಮನನ್ನು ಕರೆದುಕೊಂಡು ಕಣದ ಕಡೆ ಆಡಲು ಓಡಿದಳು. ನಾನು ಬಟ್ಟಲು ಖಾಲಿ ಮಾಡಿ ಮತ್ತೆ ತೇಲಿಬಿಟ್ಟೆ, ಟೀವಿ ಹಾಕಿದೆ. ನನಗೆ ಅಳುವ ಸಿನಿಮಾ ಎಂದರೆ ಪ್ರಾಣ. ಸೀರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನೋಡಿದೆ. ಕಳೆದುಹೋಗಿದ್ದ ಮಗ ತಾಯಿಯ ಮನೆಯ ಬಾಗಿಲಿಗೇ ಬಂದು ನಿಂತಿದ್ದಾನೆ, ತಾಯಿಗೆ ಗುರುತು ಸಿಕ್ಕಿಲ್ಲ. ಆ ಹೊತ್ತಿಗೆ ಸರಿಯಾಗಿ ಕಣ್ಣಂಚಿನಲ್ಲಿ ಬಟ್ಟಲು ಕಂಡಿತು. ಅಂಚು ನೀರಿಗೆ ಒಂದು ಬೆರಳಷ್ಟೇ ಮೇಲಿತ್ತು.

ಪಕ್ಕದಲ್ಲಿ ಮಗ ಊಟ ಮಾಡಿ ಬಿಟ್ಟುಹೋದ ತಟ್ಟೆ. ತಟ್ಟೆಯ ಅಂಚಿನಲ್ಲಿ ಒಂದು ಅಗುಳು.

ನಾನು ಏನು ಯೋಚಿಸಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಏನೂ ಯೋಚಿಸಲಿಲ್ಲ. ಐದೇ ನಿಮಿಷ, ತಾಯಿ ಮಗ ಒಂದಾಗಿಬಿಡಲಿ, ಆಮೇಲೆ ಕಿತ್ತರಾಯಿತು ಎನಿಸಿತು, ಅಷ್ಟೇ. ಬಟ್ಟಲನ್ನು ಸ್ವಲ್ಪ ಎತ್ತಿ, ತಳಕ್ಕೆ ಆ ಅಗುಳನ್ನು ಒತ್ತಿ, ಮತ್ತೆ ತೇಲಿಬಿಟ್ಟೆ. ಮಗ ಮಾಡಿದ್ದಕ್ಕಿಂತ ನಯವಾಗಿಯೇ ಮಾಡಿದೆ. ಕಣ್ಣು ಟೀವಿಯ ಮೇಲೇ ಇತ್ತು.

ತಾಯಿ ಮಗ ಒಂದಾದರು. ಆಮೇಲೆ ಕಳ್ಳ ಸಿಕ್ಕಿಬಿದ್ದ. ಆಮೇಲೆ ಮದುವೆ. ಸಿನಿಮಾ ಮುಗಿದು, ಮೂಗು ಸೀಟಿಕೊಂಡು, ತೃಪ್ತಿಯಾಗಿ ಕೂತಿದ್ದೆ. ಮಗ ಆಟ ಮುಗಿಸಿ ಒಳಗೆ ಬಂದವನು ತಪ್ಪಲೆ ನೋಡಿ, ‘ಅವ್ವ, ಬಟ್ಲು ಇನ್ನೂ ತೇಲ್ತಾ ಅದೆ!’ ಎಂದ. ನಾನು ಏಳುವುದರೊಳಗೆ ಅವನು ನೀರಿಗೆ ಕೈ ಹಾಕಿ, ಬಟ್ಟಲ ತಳ ಮುಟ್ಟಿದ. ಎಲ್ಲಿ ಹುಡುಕಬೇಕೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆರಳ ತುದಿಗೆ ಅಂಟಿದ ಅಗುಳನ್ನು ನೋಡಿದ. ನನ್ನ ಮುಖ ನೋಡಿದ.

ಚಪ್ಪಲಿಯೂ ಇಲ್ಲದೆ ಏರಿಯ ಮೇಲೆ ಓಡಿದೆ. ಹೊತ್ತು ಮುಳುಗಿತ್ತು. ಕಾಲುವೆಯಲ್ಲಿ ನೀರು ಇಳಿದು, ತಳದ ಕೆಸರಿನಲ್ಲಿ ಬೆರಳುದ್ದ ಮಾತ್ರ ಹರಿಯುತ್ತಿತ್ತು. ಮೇಲಿನ ಗದ್ದೆ ತುಂಬಿ ಬದುವಿನ ಮೇಲೆಲ್ಲ ಚೆಲ್ಲಿತ್ತು. ತುದಿಯಲ್ಲಿ ಕೊನೆಗದ್ದೆಯಮ್ಮ ಗುದ್ದಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು. ಅವಳ ಮಡೆಯ ಬಾಯಿಗೆ ಕಟ್ಟಿದ ಮಣ್ಣು ಕಟ್ಟಿದ ಹಾಗೇ ಇತ್ತು.

ನನ್ನ ಹಾಳು ಕೋಪಕ್ಕೆ ಅಲ್ಲಿಯೂ ಬುದ್ಧಿಯಿಲ್ಲ. ‘ನೀರು ಇಳೀತಿರೋದು ಕಾಣಿಸ್ತಿರಲಿಲ್ವಾ? ನೀವೇ ತಿರುಗಿಸ್ಕೊಬಾರದಿತ್ತಾ?’ ಎಂದು ಅವಳ ಮೇಲೆಯೇ ಕೂಗಿಬಿಟ್ಟೆ!

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಕೂಗು ಬರ್ನಿಲ್ವಲ್ಲ ಟೀಚರಮ್ಮ. ನೀರುಗಂಟಿ ಮನೆ ಕೂಗಿಲ್ದೆ ಮಡೆ ಮುಟ್ತಾರಾ? ಮ್ಯಾಲಿನೋರ್ದು ಇನ್ನೂ ಆಗಿಲ್ಲ ಅಂದ್ಕಂಡು ಕೂತಿವ್ನಿ.’

ನೀರು ಅವಳ ಕಣ್ಣಮುಂದೆಯೇ ಇಳಿದುಹೋಗುತ್ತಿದ್ದರೂ ಅವಳು ಕೈ ಹಾಕಿರಲಿಲ್ಲ. ನಾನು ಮಣ್ಣು ಕಿತ್ತು ಮಡೆ ಬಿಡಿಸಿದೆ. ಒಂದು ಚೆಂಬಿನಷ್ಟು ಕೆಸರು ನೀರು ಒಳಗೆ ಜಾರಿ, ನಿಂತುಹೋಯಿತು.

ಮನೆಗೆ ಬಂದಾಗ ಮಾವ ಎದ್ದು ಗೋಡೆಗೆ ಒರಗಿ ಕೂತಿದ್ದರು. ಮಕ್ಕಳಿಬ್ಬರೂ ಅವರ ಪಕ್ಕದಲ್ಲಿ. ‘ಕೊನೇಗೆ ನೀರು ಓಯ್ತಾ?’ ಎಂದು ಕೇಳಿದರು. ‘ಇಲ್ಲ ಮಾವ. ಬಟ್ಟಲ ತೂತಿಗೆ ಏನೋ ಕಸ...’ ಎಂದು ಶುರು ಮಾಡಿದೆ. ಮಗ ಇನ್ನೂ ಆ ಬೆರಳನ್ನು ಮುಂದೆ ಚಾಚಿಕೊಂಡೇ ಇದ್ದ. ಅಗುಳು ಒಣಗುತ್ತಿತ್ತು. ಅವನು ತಾತನಿಗೆ ಹೇಳಿಕೊಟ್ಟಿರಲಿಲ್ಲ. ಅಕ್ಕನಿಗೂ ಹೇಳಿದ ಹಾಗೆ ಕಾಣಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದ.

‘ಕಸ ಅಲ್ಲ ಮಾವ. ನಾನೇ ಅಗುಳು ಇಟ್ಟೆ. ಸಿನಿಮಾ ನೋಡೋದಕ್ಕೆ’ ಎಂದೆ.

ಮಾವ ಮೊಮ್ಮಗನ ಆ ಬೆರಳು ಹಿಡಿದು ನೋಡಿದರು. ‘ಇವ್ನು ಅಗುಳು ಇಟ್ಟಾಗ ಏನ್ ಮಾಡ್ದೆ?’ ಎಂದರು.

‘ಹೊಡೆದೆ.’

‘ಈಗ ನಿಂಗ್ಯಾರು ಒಡೀಬೇಕು?’

ಆಗ ಮೈಮೇಲೆ ಏನು ಬಂತೋ, ಟೀವಿಯ ವಯರು ಕಿತ್ತು, ಅದನ್ನು ಎತ್ತಿಕೊಂಡು ಮತ್ತೆ ಹಿತ್ತಿಲ ಬಾವಿಯ ಕಡೆ ಹೊರಟೆ. ಈ ಸಲ ಅಡ್ಡ ಬಂದವಳು ಮಗಳು. ‘ಟೀವಿ ಏನ್ ಮಾಡ್ತವ್ವ? ಅಗುಳು ಇಟ್ಟೋಳು ನೀನು’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ತಪ್ಪಿದ್ದನ್ನು ತೋರಿಸುವ ಹಾಗೆ ಹೇಳಿದಳು. ನಾನು ಟೀವಿಯನ್ನು ಅಲ್ಲೇ ಕೆಳಗಿಟ್ಟು ಅದರ ಪಕ್ಕದಲ್ಲಿ ಕುಕ್ಕರಿಸಿ ಅತ್ತೆ.

‘ಬುಡು, ಅಳ್ಬ್ಯಾಡ’ ಎಂದರು ಮಾವ ಒಳಗಿಂದ. ‘ಅತ್ರೆ ಒಟ್ಲಿಗೆ ನೀರು ಬತ್ತದಾ? ಬಾವೀಲಿ ಅದೆಯಲ್ಲ ನೀರು. ಬೆಳಿಗ್ಗೆಗೆ ಬಿಂದಿಗೆ ತಕ್ಕೊ.’

ಬೆಳಗಾಗುತ್ತಲೇ ಮಾವ ಊದಿದ ಕಾಲಿನಲ್ಲೇ ಕುಂಟುತ್ತಾ ಹೋಗಿ ಕೊನೆಗದ್ದೆಯಮ್ಮನ ಬಾಗಿಲಲ್ಲಿ ನಿಂತು, ‘ನಮ್ಮನೆ ತಪ್ಪಾಯ್ತು ಕಣವ್ವ’ ಎಂದರು. ನಾನು ಹಿಂದೆ ನಿಂತಿದ್ದೆ. ‘ನನ್ನ ಸೊಸೆಯ ತಪ್ಪು’ ಎನ್ನಲಿಲ್ಲ ಅವರು. ಅವಳು ನನಗೆ ಬಾಯಿಗೆ ಬಂದ ಮಾತುಗಳಲ್ಲಿ ಬೈದಳು. ಇಲ್ಲಿ ಬರೆಯುವಂಥವಲ್ಲ. ಬೈದು ಮುಗಿಸಿ, ತಾನೂ ಒಂದು ಬಿಂದಿಗೆ ತಂದಳು.

ಹತ್ತು ದಿನ ಹೊತ್ತೆವು. ಟೀವಿ ಬೀಳಬೇಕಿದ್ದ ಅದೇ ಬಾವಿಯಿಂದ ಸೇದಿ, ಏರಿಯ ಮೇಲೆ ನಡೆದು, ಒಟ್ಲಿಗೆ ಚಿಮುಕಿಸುವುದು. ಬೆಳಿಗ್ಗೆ ನಾನು ಬಸ್ಸಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ. ಮಗಳು ಸಣ್ಣ ಬಿಂದಿಗೆ, ಮಗ ತಂಬಿಗೆ. ನೀವು ಬರಬೇಡಿ, ತಪ್ಪು ನನ್ನದು ಎಂದರೆ ಕೇಳಲಿಲ್ಲ. ‘ನಾನೂ ಒಂದ್ಸಲ ಇಟ್ಟಿದ್ನಲ್ಲ’ ಎಂದ ಮಗ. ನನ್ನ ಗಂಡ ಊರಿಗೆ ಬಂದವರು ವಿಷಯ ಕೇಳಿ, ಮೊದಲು ಬಿದ್ದು ಬಿದ್ದು ನಕ್ಕರು, ಆಮೇಲೆ ಪಂಚೆ ಎತ್ತಿಕಟ್ಟಿ ಎರಡು ಕೊಡ ಹಿಡಿದರು. ಭುಜ ಬೊಬ್ಬೆ ಎದ್ದಿತು, ಶಾಲೆಯಲ್ಲಿ ಬೋರ್ಡಿನ ಮೇಲೆ ಕೈ ಎತ್ತಿ ಬರೆಯಲಾಗುತ್ತಿರಲಿಲ್ಲ. ಆ ಹತ್ತು ದಿನ ಟೀವಿ ಹಾಕಬಾರದೆಂದು ಯಾರೂ ಹೇಳಲಿಲ್ಲ, ಯಾರೂ ಹಾಕಲೂ ಇಲ್ಲ. ಒಂದು ಮೂಲೆ ಹಳದಿಯಾಗಿ ಸುಟ್ಟುಹೋದದ್ದು ಬಿಟ್ಟರೆ ಒಟ್ಲು ಉಳಿಯಿತು. ಹನ್ನೊಂದನೇ ದಿನ ಕಾಲುವೆಗೆ ನೀರು ಬಂತು. ಅವತ್ತು ಮಾವ ಮೊದಲು ಕೊನೆಗದ್ದೆಗೆ ಬಿಟ್ಟರು, ಮೇಲಿನವರು ಒಬ್ಬರೂ ತುಟಿ ಬಿಚ್ಚಲಿಲ್ಲ.

ಮಕ್ಕಳಿಗೆ ಒಳ್ಳೆಯ ಅಭ್ಯಾಸ ಕಲಿಸುವುದು ಹೇಗೆ ಎಂದು ಈಗಲೂ ಯಾರಾದರೂ ನನ್ನನ್ನು ಕೇಳುತ್ತಾರೆ, ಟೀಚರಾಗಿದ್ದವಳಲ್ಲವೇ ಎಂದು. ನನಗೆ ಹೇಳಲು ಬರುವುದಿಲ್ಲ. ಹೊಡೆಯದೆ ಬಿಂದಿಗೆ ಕೈಗೆ ಕೊಟ್ಟ ಮಾವನಿಗೆ ನಾನು ಋಣಿ. ನಾನು ಬಾಯಿ ಬಿಡುವವರೆಗೆ ಬಾಯಿ ಮುಚ್ಚಿಕೊಂಡಿದ್ದ ಮಗನಿಗೆ, ಮುಖಕ್ಕೆ ನಿಜ ಹೇಳಿದ ಮಗಳಿಗೆ ಋಣಿ. ಇನ್ನೊಬ್ಬಳ ಋಣ ಇದೆಯಲ್ಲ, ಅದನ್ನು ಹೇಳಿ ಮುಗಿಸುತ್ತೇನೆ.

ನಾಟಿ ಮುಗಿದ ಮೇಲಿನ ಭಾನುವಾರ ಮಗಳು ತಾತನ ಮುಂದೆ ನಿಂತು, ‘ಕೊನೆಗದ್ದೆ ಅಜ್ಜೀಗೂ ಒಂದ್ ಬಟ್ಲು ಬೇಕು ತಾತ’ ಎಂದಳು. ‘ಸರದೀಲಿ ಅವ್ರುನ್ನ ಸೇರಿಸ್ಕಂಡೇ ಇಲ್ವಲ್ಲ ನಾವು.’ ಮಾವ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಮಕ್ಕಳೇ ಹೋಗಿ ಕರೆದರು. ‘ನಂಗ್ಯಾಕ್ರಪ್ಪ ಆ ಪೆಟ್ಗೆ?’ ಎಂದು ಗೊಣಗುತ್ತಲೇ ಅವಳು ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಡಿಲಿನಲ್ಲಿ ನಮಗೆಂದು ಕೀರೆ ಸೊಪ್ಪು ಕಟ್ಟಿಕೊಂಡು. ಟೀವಿಯ ಮುಂದೆ ಅವಳು ಕೂತದ್ದು ಅದೇ ಮೊದಲು.

ಮಗಳು ಬಟ್ಟಲು ತೇಲಿಬಿಟ್ಟಳು. ಸ್ವಲ್ಪ ಹೊತ್ತು ಬಿಗಿಯಾಗಿ ಕೂತಿದ್ದ ಕೊನೆಗದ್ದೆಯಮ್ಮ ಆಮೇಲೆ ಸಡಿಲವಾದಳು. ನಕ್ಕಳು. ಸಿನಿಮಾದ ದುಷ್ಟನಿಗೆ ನನಗೆ ಬೈದ ಮಾತುಗಳಲ್ಲೇ ಬೈದಳು, ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡಿದರು. ಇನ್ನೇನು ಹುಡುಗಿಯನ್ನು ಹೊಳೆಗೆ ತಳ್ಳುತ್ತಾನೆ ಎನ್ನುವ ಹೊತ್ತಿಗೆ, ‘ಬುಳುಕ್’ ಎಂದಿತು. ಎಲ್ಲರೂ ಉಸಿರು ಹಿಡಿದು ಕೂತಿದ್ದೆವು.

ಅವಳು ಮೊಣಕಾಲಿಗೆ ಕೈ ಊರಿ ಎದ್ದಳು.

‘ಕೂತ್ಕೊಳ್ಳಿ, ಮುಗಿಯೋವರೆಗೂ ನೋಡಿ. ಇವತ್ತೊಂದು ದಿನ ಪರವಾಗಿಲ್ಲ’ ಎಂದೆ. ಮನಸ್ಸಿನಿಂದಲೇ ಹೇಳಿದೆ. ನಾನು ಕಸಿದುಕೊಂಡ ಒಂದು ಬಟ್ಟಲಿಗೆ ಇನ್ನೊಂದು ಬಟ್ಟಲನ್ನಾದರೂ ಕೊಡುವ ಆಸೆ ನನಗೆ.

‘ನನ್ ಸರದಿ ಆಯ್ತಲ್ಲವ್ವ’ ಎಂದಳು ಅವಳು, ನಾನು ಏನೋ ಅರ್ಥವಿಲ್ಲದ್ದು ಹೇಳಿದ ಹಾಗೆ. ಮಗಳ ಕಡೆ ತಿರುಗಿ, ‘ಎಲ್ಲಿ ಮುಚ್ಚೋದು ಕೂಸೇ ಇದ್ನ?’ ಎಂದಳು. ಮಗಳು ಅವಳ ಬೆರಳು ಹಿಡಿದು ಗುಬುಟಿನ ಮೇಲೆ ಇಟ್ಟಳು. ಅವಳು ತಿರುಗಿಸಿದಳು. ಹುಡುಗಿ, ಹೊಳೆ, ದುಷ್ಟ ಎಲ್ಲ ಒಂದು ಬಿಳಿ ಚುಕ್ಕಿಯಾಗಿ ಆರಿಹೋದರು. ಆಮೇಲೆ ಎರಡು ಹೆಜ್ಜೆ ದೂರದಲ್ಲಿದ್ದ ನನಗೆ, ಬಯಲಿನ ಆಚೆ ಬದುವಿನಲ್ಲಿರುವವಳಿಗೆ ಕೂಗುವ ಹಾಗೆ ಕೂಗಿದಳು: ‘ನಂದಾಯ್ತು ಟೀಚರಮ್ಮಾ! ನಿಂದು ತಿರುಗಿಸ್ಕೋ!’

ನನ್ನ ಕಣ್ಣಲ್ಲಿ ನೀರು ತುಂಬಿತು. ಬಟ್ಟಲಿಗೆ ಕೈ ಚಾಚಿದೆ. ಅಷ್ಟರಲ್ಲಿ ಮಗ ಅದನ್ನು ತಪ್ಪಲೆಯಿಂದ ಎತ್ತಿ, ನೀರು ಸುರಿದು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ತಳದ ತೂತಿನಿಂದ ನನ್ನನ್ನೇ ನೋಡಿದ. ಚೆನ್ನಾಗಿ ನೋಡಿದ.

‘ಸರಿಯಾಗದೆ, ತಕ್ಕೊ ಅವ್ವ’ ಎಂದು ಕೊಟ್ಟ.

ನಾನು ತೇಲಿಬಿಟ್ಟೆ. ಹುಡುಗಿ ಬದುಕಿದಳೋ ಇಲ್ಲವೋ ಎಂಬುದು ಗೊತ್ತಾಗುವ ಮುಂಚೆಯೇ ಅದು ಮುಳುಗಿತು. ನಾನೇ ಎದ್ದು ಮುಚ್ಚಿದೆ.